ಗೀಜಗನ ಗೂಡಿನೊಳಗಿನ ಮಣ್ಣು

ಡಿಗ್ರಿಯ ಕೊನೆಯ ವರ್ಷ ಇಂಟರ್ನ್‌ಶಿಪ್‌ಗೆ ಗೆಳತಿಯರೆಲ್ಲ ಬ್ಯಾಂಕು, ಲ್ಯಾಬು ಅಂತ ಹೋದರು. ನಾನು ಮಕ್ಕಳಿಗೆ ಪರಿಸರ ಕಲಿಸುವ ಕೆಲಸ ಕೇಳಿ ಪಡೆದೆ. ಡಿಸೆಂಬರಿನ ಚಳಿಯಲ್ಲಿ ಬಾಗಲಕೋಟೆ ನವನಗರದಿಂದ ಬೆಳಗಿನ ಬಸ್ಸು ಹಿಡಿದು, ಆಲಮಟ್ಟಿ ಹಿನ್ನೀರಿನ ಪಕ್ಕದ ಒಂದು ಹಳ್ಳಿ ಶಾಲೆಗೆ ಹೋಗುತ್ತಿದ್ದೆ. ಆರು ವಾರ.

ಮೊದಲ ದಿನ ದೊಡ್ಡ ಚಾರ್ಟು ಒಯ್ದಿದ್ದೆ. ಹುಲಿ, ಆನೆ, ದಟ್ಟ ಕಾಡು. ಅರ್ಧ ತಾಸು ಮಾತಾಡಿದೆ. ಮಕ್ಕಳು ಸುಮ್ನೆ ಕೂತು ಕೇಳಿದರು. ಕೊನೆಗೆ ಆರನೇ ತರಗತಿಯ ಒಬ್ಬ ಹುಡುಗ ಎದ್ದು, “ಅಕ್ಕೋರ, ಹುಲಿ ನೀವು ನೋಡೀರೇನ್ರಿ?” ಎಂದ. ಇಲ್ಲ ಅಂದೆ. “ಮತ್ತ ಗೀಜಗ?” ಅದನ್ನೂ ನಾನು ಚಿತ್ರದಲ್ಲೇ ಜಾಸ್ತಿ ನೋಡಿದ್ದೆ. 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪರಿಸರ ಎಲ್ಲರಿಗೂ ಕಡ್ಡಾಯ ಪಾಠವಾಯಿತು. ನಾನೂ ಓದಿದ್ದೆ, ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಅವತ್ತು ಆ ಹುಡುಗನ ಮುಂದೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಮರುದಿನ ಚಾರ್ಟು ಮನೆಯಲ್ಲೇ ಬಿಟ್ಟೆ. ಅವನೇ ನಮ್ಮನ್ನೆಲ್ಲ ಊರ ಹೊರಗಿನ ಬಾವಿಗೆ ಕರೆದುಕೊಂಡು ಹೋದ. ಬಾವಿಯ ಮೇಲೆ ಬಾಗಿದ ಜಾಲಿ ಗಿಡದ ತುಂಬ ಗೂಡುಗಳು. ಗೀಜಗ ಗೂಡು ಕಟ್ಟುವುದು ಮಳೆಗಾಲದಲ್ಲಿ, ಹಾಗಾಗಿ ಎಲ್ಲವೂ ಖಾಲಿ. ಕೆಳಗೆ ಬಿದ್ದಿದ್ದ ಎರಡನ್ನು ಎತ್ತಿಕೊಂಡೆವು. ಒಂದು ಪೂರ್ತಿ ಮುಗಿದದ್ದು, ಉದ್ದ ಕೊಳವೆ ಇತ್ತು. ಇನ್ನೊಂದು ಅರ್ಧಕ್ಕೇ ನಿಂತಿತ್ತು, ಮಗುವಿನ ಕುಲಾವಿಯ ಹಾಗೆ. ಕುಲಾವಿಯ ಒಳಗೆ ಕೈ ಹಾಕಿದರೆ ಒಣಗಿದ ಮಣ್ಣಿನ ಉಂಡೆಗಳು!

ಹುಲ್ಲಿನ ಗೂಡಿಗೆ ಮಣ್ಣು ಯಾಕೆ? ನಾನು ಕೇಳುವ ಮೊದಲೇ ಒಬ್ಬಳು, “ಗಾಳಿಗೆ ಹೊಯ್ದಾಡಬಾರ್ದಂತ ಭಾರ ಇಟ್ಟೈತ್ರಿ” ಅಂದಳು. ಪುಸ್ತಕಗಳು ಕೊಡುವ ಒಂದು ಉತ್ತರವೂ ಇದೇ. ಗೂಡು ನೇಯುವುದು ಗಂಡು. ಅರ್ಧ ಆದಾಗ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಮುಂದಿನ ಕೆಲಸ, ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬೇರೆ ಗೂಡು. ಇದನ್ನು ಹೇಳಿದಾಗ ಹುಡುಗಿಯರು ಚಪ್ಪಾಳೆ ಹೊಡೆದರು. ಪಕ್ಷಿತಜ್ಞ ಸಲೀಂ ಅಲಿಯವರು ಕೆಲಸವಿಲ್ಲದೆ ಕಿಹಿಂ ಎಂಬ ಕಡಲಂಚಿನ ಹಳ್ಳಿಯಲ್ಲಿದ್ದಾಗ, 1930ರ ಹೊತ್ತಿಗೆ, ಗೀಜಗಗಳನ್ನೇ ನೋಡುತ್ತ ತಿಂಗಳುಗಟ್ಟಲೆ ಕಳೆದದ್ದನ್ನೂ ಹೇಳಿದೆ. “ನಾವೂ ಕೂಡ್ತೀವ್ರಿ” ಅಂದರು. ಕೂತರು ಕೂಡ. ದಿನಾ ಪ್ರಾರ್ಥನೆಗೆ ಮೊದಲು ಶಾಲೆಯ ಬೇವಿನ ಗಿಡದ ಕೆಳಗೆ ಹತ್ತು ನಿಮಿಷ, ಬಾಯಿ ಬಿಡದೆ.

ಆ ಹುಡುಗನಿಗೆ ಹಕ್ಕಿ ಹೇಗೆ ಗೊತ್ತು ಅಂದರೆ, ಶಾಲೆ ಬಿಟ್ಟ ಮೇಲೆ ಜೋಳದ ಹೊಲದಲ್ಲಿ ಕವಣೆ ಹಿಡಿದು ಅವನ್ನು ಓಡಿಸುವುದು ಅವನದೇ ಕೆಲಸ. ಗಿಳಿ ಯಾವ ಕಡೆಯಿಂದ ಬರುತ್ತದೆ, ಗುಬ್ಬಿ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಗೊತ್ತು. ಕವಣೆ ಬಿಡು ಅಂತ ನಾನು ಹೇಳಲಿಲ್ಲ. ಆ ಜೋಳ ಅವನ ಮನೆಯ ರೊಟ್ಟಿ. ಗೀಜಗ ತನ್ನ ಮರಿಗಳಿಗೆ ಹುಳುಗಳನ್ನು ಹಿಡಿದು ತಿನ್ನಿಸುತ್ತದೆ ಅಂತಷ್ಟೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

ಜನವರಿಯಲ್ಲಿ ಹಿನ್ನೀರಿಗೆ ಹೋದೆವು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ದಂಡೆಯಲ್ಲಿ ಕೂತಿದ್ದವು. ಇವು ಹಿಮಾಲಯ ದಾಟಿ ಬಂದಿವೆ ಅಂತ ನಾನು ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ನನ್ನ ಕೈ ಜಗ್ಗಿ, “ನಮ್ಮ ಅಜ್ಜಾನ ಹೊಲಾ ಈ ನೀರಾಗ ಐತ್ರಿ” ಅಂದಳು. ಮುಂದೆ ನನಗೆ ಮಾತು ಬರಲಿಲ್ಲ. ಅವಳೇ ಬೆರಳು ತೋರಿಸಿ ಹೊಲ, ಬಾವಿ, ಹುಣಸೆ ಗಿಡ ಎಲ್ಲೆಲ್ಲಿದ್ದವು ಅಂತ ಅಜ್ಜನಿಂದ ಕೇಳಿದ್ದನ್ನು ಹೇಳಿದಳು. ನಾವೆಲ್ಲ ನೀರು ನೋಡುತ್ತ ಕೇಳಿದೆವು, ಹೆಬ್ಬಾತುಗಳೂ ಅಲ್ಲೇ ಇದ್ದವು.

ಕೊನೆಯ ದಿನ ಮಕ್ಕಳು ಒಂದು ನೋಟ್‌ಬುಕ್ ಕೊಟ್ಟರು. ಬೇವಿನ ಗಿಡದ ಕೆಳಗೆ ಕೂತು ಬರೆದಿಟ್ಟ 31 ಹಕ್ಕಿಗಳು, ಅವರ ಮನೆಯಲ್ಲಿ ಕರೆಯುವ ಹೆಸರುಗಳಲ್ಲೇ. ಅದರಲ್ಲಿ ಎರಡು ಯಾವ ಹಕ್ಕಿಗಳೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಬರುವ ಡಿಸೆಂಬರಿಗೆ ಆ ನೋಟ್‌ಬುಕ್ ಹಿಡಿದು ಹೋಗಿ ಅವರನ್ನೇ ಕೇಳಬೇಕು.