ನೂರು ಹರ್ಟ್ಸ್ ಮತ್ತು ನಮ್ಮ ಲ್ಯಾಬ್ ಸರ್

ಲ್ಯಾಬ್ ಸರ್ ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ನೆನೆದದ್ದು ಅವರ ಬೈಗುಳವನ್ನೇ. ಪಾಠದ ಮಾತು ಯಾರೂ ಎತ್ತಲಿಲ್ಲ. ಮ್ಯಾಕ್ಸ್‌ವೆಲ್ ಸಮೀಕರಣಗಳು ನನಗೂ ಮರೆತುಹೋಗಿವೆ. ಸೆಕೆಂಡಿಗೆ ನೂರು ಕಂಪನದ ಆ 100 ಹರ್ಟ್ಸ್ ಮಾತ್ರ ಮರೆತಿಲ್ಲ.

1996ರ ಮಾತು. ಕಾಲೇಜಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್ಬಿನಲ್ಲಿ ಎರಡು ಮೀಟರ್ ತರಂಗಾಂತರದ ಬ್ಯಾಂಡಿನ ಹಳೇ ರೇಡಿಯೋ ಸೆಟ್ ಒಂದಿತ್ತು. ನಮ್ಮ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ, ಗುಡ್ಡದ ಮೇಲಿನ ರಿಪೀಟರ್ ಸುಮ್ನೆ ಗದ್ದಲಕ್ಕೆಲ್ಲ ಎದ್ದು ಕೂರುತ್ತಿತ್ತು. ಅದಕ್ಕೇ ಟೋನ್ ಕಡ್ಡಾಯ ಮಾಡಿದರು. ಮಾತಿನ ಜೊತೆ ಮೆಲ್ಲಗೆ 100 ಹರ್ಟ್ಸ್ ಸದ್ದೂ ಹೋಗಬೇಕು, ಇಲ್ಲದಿದ್ದರೆ ರಿಪೀಟರ್ ತೆರೆಯುವುದಿಲ್ಲ. ನಮ್ಮ ಸೆಟ್ಟಿನಲ್ಲಿ ಆ ಸೌಲಭ್ಯ ಇರಲಿಲ್ಲ. "ಮಾಡ್ಕೊಳ್ರೋ" ಅಂದರು ಸರ್. ಅಷ್ಟೇ.

555 ಅನ್ನುವ ಟೈಮರ್ ಐಸಿಯಲ್ಲಿ ಒಂದೇ ಸಂಜೆಗೆ ಟೋನ್ ಸರ್ಕ್ಯೂಟ್ ಮಾಡಿಬಿಟ್ಟೆವು. ಹರ್ಟ್ಸ್ ಅಳೆಯಲು ಕೌಂಟರ್ ಇರಲಿಲ್ಲ. ನಮ್ಮ ಗುಂಪಿನ ಜಾಣನೊಬ್ಬ ಉಪಾಯ ಹೇಳಿದ. ಅಲೆಗಳನ್ನು ತೆರೆಯ ಮೇಲೆ ತೋರಿಸುವ ಸ್ಕೋಪಿನ ಒಂದು ಕಡೆಗೆ ನಮ್ಮ ಟೋನ್, ಇನ್ನೊಂದು ಕಡೆಗೆ ಟ್ರಾನ್ಸ್‌ಫಾರ್ಮರ್ ಮೂಲಕ 50 ಹರ್ಟ್ಸಿನ ಮನೆ ಕರೆಂಟು. ಟೋನ್ ಕರೆಂಟಿನ ಎರಡು ಪಟ್ಟಿದೆ ಅಂತ ತೋರಿಸುವ ಚಿತ್ರ ಅಲುಗದೆ ನಿಂತರೆ 100 ಹರ್ಟ್ಸ್. ಚಿತ್ರ ನಿಂತಿತು. ರಿಪೀಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಸರ್ ಬಂದು ನೋಡಿ ನಕ್ಕರು. "ಕರೆಂಟನ್ನ ನಂಬಿ ಕೂತ್ರಾ? ಸಂಜೆ ಅದು 48.5ಕ್ಕೆ ಇಳಿದಿರತ್ತೆ. ನಿಮ್ಮದು 97 ಕಣ್ರೋ!" ಆಗ ದಕ್ಷಿಣದ ಗ್ರಿಡ್ಡಿನ ಸ್ಥಿತಿ ಹಾಗೇ ಇತ್ತು. ಬೀರುವಿನಿಂದ ತಮ್ಮದೇ ಒಂದು ಬೋರ್ಡ್ ತೆಗೆದರು. 3.2768 ಮೆಗಾಹರ್ಟ್ಸ್ ಕ್ರಿಸ್ಟಲ್, 4060 ಅನ್ನುವ ಐಸಿಯಲ್ಲಿ ಭಾಗಿಸಿದರೆ 200, ಅರ್ಧ ಮಾಡುವ ಒಂದು ಫ್ಲಿಪ್‌ಫ್ಲಾಪ್ ದಾಟಿದರೆ ಕರಾರುವಾಕ್ಕಾಗಿ 100. ಅದಕ್ಕೆ ಹೊಂದಿಸಿದ ಕೂಡಲೇ ಗುಡ್ಡ ಮಾತಾಡಿತು.

ಆಮೇಲೆ ನಮ್ಮ ಕೈ ಸುಮ್ಮನಿರುತ್ತದೆಯೇ? ಅಟೆಂಡರಿಗೆ ಟೀ ಕುಡಿಸಿ ಬೀಗದ ಕೈ ತಗೊಂಡೆವು. ರಾತ್ರಿ ಕಾಲ್‌ಸೈನ್ (ರೇಡಿಯೋದಲ್ಲಿ ನಮ್ಮ ಗುರುತು) ಹೇಳದೆ ಬಟನ್ ಒತ್ತುವುದು, ಬಿಡುವುದು. ರಿಪೀಟರ್ 'ಖುಸ್' ಅಂದಾಗ ಬಿದ್ದು ಬಿದ್ದು ನಗುವುದು. ಇದ್ದಕ್ಕಿದ್ದಂತೆ ಸ್ಪೀಕರಿನಲ್ಲಿ ಸರ್ ದನಿ: "ಯಾರದು? ಕಾಲ್‌ಸೈನ್ ಹೇಳಿ." ಸ್ವಿಚ್ ಆರಿಸಿ ಓಡಿದೆವು.

ಬೆಳಿಗ್ಗೆ ನೇರವಾಗಿ ನಮ್ಮ ಬೆಂಚಿಗೇ ಬಂದರು. 555 ಕೊಡುವುದು ಚೌಕ ಅಲೆ. ಅದರಲ್ಲಿ 300, 500 ಹರ್ಟ್ಸ್ ಕೂಡ ಸೇರಿರುತ್ತವೆ. ರಿಪೀಟರ್ 100ನ್ನು ಸೋಸಿದರೂ ಇವು ದಾಟಿ ಬರುತ್ತವೆ. "ಜೇನುಹುಳದ ಥರ ಗುಂಯ್ ಅಂತಿತ್ತು. ಈ ಊರಲ್ಲಿ ಅಷ್ಟು ಕೆಟ್ಟ ಟೋನ್ ಇನ್ಯಾರದ್ದಿದೆ?"

ಪ್ರಿನ್ಸಿಪಾಲರಿಗೆ ದೂರು ಹೋಗಲಿಲ್ಲ. ಶಿಕ್ಷೆ, ನುಣುಪಾದ ಅಲೆ ಕೊಡುವ ವೀನ್ ಬ್ರಿಜ್ ಆಂದೋಲಕ ಕಟ್ಟುವುದು. ಒಂದು 741 ಆಂಪ್ಲಿಫಯರ್ ಐಸಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, 15 ಕೆ ರೆಸಿಸ್ಟರ್ ಎರಡು, ಹೊಂದಿಸಲು ಪ್ರಿಸೆಟ್. ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು) ಮೂರಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇರಬೇಕು. ಕಮ್ಮಿಯಾದರೆ ಸದ್ದೇ ಇಲ್ಲ, ಹೆಚ್ಚಾದರೆ ಅಲೆಯ ತಲೆ ಚಪ್ಪಟೆ. ಅದನ್ನು ಹಿಡಿದಿಡಲು ಎರಡು ಡಯೋಡ್. ಸೆರಾಮಿಕ್ ಕೆಪಾಸಿಟರ್ ಹಾಕಿದ್ದನ್ನು ಕಿತ್ತೆಸೆದು ಪಾಲಿಯೆಸ್ಟರ್ ಹಾಕಿಸಿದರು. "ಬಿಸಿಲೇರಿದರೆ ಅದರ ಅಳತೆ ಊರು ಬಿಡತ್ತೆ!"

ಈಗಿನ ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ 67ರಿಂದ 254.1 ಹರ್ಟ್ಸ್ ತನಕ ಟೋನ್‌ಗಳು ಸಾಲಾಗಿ ಕಾದಿರುತ್ತವೆ. ಹುಡುಗರು ಸರ್ಕ್ಯೂಟನ್ನೂ ಸಿಮ್ಯುಲೇಟರಿನಲ್ಲೇ ಮುಗಿಸುತ್ತಾರೆ. ಅಲ್ಲಿ ಕರೆಂಟು ಯಾವಾಗಲೂ 50 ಹರ್ಟ್ಸೇ, ಅಲ್ವಾ? ನನ್ನ ಹೆಸರಲ್ಲಿ ಈಗ ಒಂದು ಪೇಟೆಂಟ್ ಇದೆ, ಕೈಕೆಳಗೆ ಒಂದು ತಂಡವೂ ಇದೆ. ಹೇಳಿಕೊಳ್ಳಬಾರದು, ಆದರೂ ಹೇಳಿದೆ. ಕೆಲಸಕ್ಕೆ ಬರುವವರನ್ನು ವೀನ್ ಬ್ರಿಜ್‌ನಲ್ಲಿ ಗೇನ್ ಮೂರೇ ಯಾಕೆ ಅಂತ ಕೇಳುತ್ತೇನೆ. ರ‍್ಯಾಂಕ್ ಬಂದವರೂ ತಡವರಿಸುತ್ತಾರೆ.

ಕಾಲೇಜಿನವರೇ, ಸರ್ ಅವರ ಕ್ರಿಸ್ಟಲ್ ಬೋರ್ಡ್ ಇನ್ನೂ ಬೀರುವಿನಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಕೆಟ್ಟಿದ್ದರೆ ತಿಳಿಸಿ, ನಾನೇ ಬಂದು ರಿಪೇರಿ ಮಾಡಿಕೊಡುತ್ತೇನೆ.