ಒಂದಾಣೆಯ ರಾಣಿ, ಸಾವಿರದ ಎಂಟುನೂರರ ಸೀಲು

ಮೊನ್ನೆ ಮಳೆ ಬಿಟ್ಟು ಒಂಚೂರು ಬಿಸಿಲು ಬಂತು. ಆಲ್ಬಂಗಳನ್ನೆಲ್ಲ ಚಾವಡಿಗೆ ತಂದು ಗಾಳಿಗೆ ಬಿಡಿಸಿಟ್ಟೆ. ನಮ್ಮ ಕಾಸರಗೋಡಿನಲ್ಲಿ ಆಟಿ ತಿಂಗಳು ದಾಟುವವರೆಗೆ ಸ್ಟಾಂಪು ಕಾಪಾಡುವುದು ಹಪ್ಪಳ ಕಾಪಾಡಿದ ಹಾಗೆಯೇ. ತೇವಕ್ಕೆ ಗೋಂದು ತಾನಾಗಿ ಕರಗಿ ಪುಟಕ್ಕೆ ಅಂಟುತ್ತದೆ, ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ. ಹಾಗೆ ಪುಟ ತಿರುಗಿಸುವಾಗ ನನಗೆ ಟೋಪಿ ಹಾಕಿದ ಸ್ಟಾಂಪು ಮತ್ತೆ ಕಣ್ಣಿಗೆ ಬಿತ್ತು.

ಈ ಹುಚ್ಚು ಶುರುವಾಗಿದ್ದು ಅಜ್ಜನ ತಗಡಿನ ಪೆಟ್ಟಿಗೆಯಿಂದ. ಅಡಿಕೆ ವ್ಯಾಪಾರದ ಕಾಗದಗಳು, ಎಲ್ಲವೂ ಮಂಗಳೂರಿಂದ ಬಂದವು. ವಿಳಾಸದ ಕೊನೆಗೆ ಸೌತ್ ಕೆನರಾ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಹೋದೆವು, ಲಕೋಟೆಗಳು ಹೋಗಿಲ್ಲ. ಅದರಲ್ಲಿದ್ದ ಸ್ಟಾಂಪುಗಳೆಲ್ಲ ಆರನೇ ಜಾರ್ಜನದ್ದು, ಹೆಚ್ಚು ಬೆಲೆಯೇನೂ ಇಲ್ಲ. ಆದರೆ ಜಾರ್ಜನಿಂದ ಹಿಂದೆ ಹಿಂದೆ ಹೋಗುತ್ತಾ ವಿಕ್ಟೋರಿಯಾ ರಾಣಿಯ ಹತ್ತಿರ ನಿಂತವನು ನಾನು ಇನ್ನೂ ಅಲ್ಲೇ ಇದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯದು ಅಂದ ಮಾತ್ರಕ್ಕೆ ದುಡ್ಡಲ್ಲ. ನೂರೈವತ್ತು ವರ್ಷದ ಅರ್ಧ ಆಣೆಯ ನೀಲಿ ಸ್ಟಾಂಪು ಇವತ್ತಿಗೂ ಒಂದು ಊಟದ ಬೆಲೆಯೊಳಗೆ ಸಿಗುತ್ತದೆ, ಅಷ್ಟೊಂದು ಅಚ್ಚಾಗಿತ್ತು. ಅಂಥದ್ದನ್ನು ಯಾರೂ ಖೋಟಾ ಮಾಡುವ ಕಷ್ಟ ತಗೊಳ್ಳುವುದಿಲ್ಲ. ಖೋಟಾ ಮಾಡುವುದು ಸಿಂಧ್ ಡಾಕ್ ಥರದ್ದನ್ನು. 1852ರ ಜುಲೈ 1ಕ್ಕೆ ಸಿಂಧ್‌ನಲ್ಲಿ ಅಲ್ಲಿನ ಬ್ರಿಟಿಷ್ ಕಮಿಷನರ್ ಬಾರ್ಟ್ಲ್ ಫ್ರೇರ್ ತಂದ ದುಂಡಗಿನ ಸ್ಟಾಂಪು ಅದು, ಏಷ್ಯಾದಲ್ಲೇ ಮೊದಲನೆಯದು. ಕೆಂಪು ಅರಗಿನದ್ದು ಸುಲಭವಾಗಿ ಒಡೆದು ಪುಡಿಯಾಗುತ್ತಿತ್ತು. ಬಿಳಿಯದ್ದರಲ್ಲಿ ಬಣ್ಣವೇ ಇಲ್ಲ, ಕಾಗದದ ಮೇಲೆ ಬರೀ ಉಬ್ಬು ಗುರುತು. ಬಣ್ಣವೇ ಬೇಡದ ಸ್ಟಾಂಪು ಅಂದರೆ ಖೋಟಾದವನಿಗೆ ಹಬ್ಬ ಅಲ್ವಾ! ನನಗೆ ಒಬ್ಬರು ಅಂಥದ್ದೊಂದು ತೋರಿಸಿದ್ದರು. ನಮ್ಮ ಪೇಟೆಯ ಅಂಗಡಿಗಳಲ್ಲಿ ನೋಟು ನೋಡುವ ನೇರಳೆ ಲೈಟು ಇರುತ್ತದಲ್ಲ, ಅದರ ಕೆಳಗೆ ಹಿಡಿದೆವು. ಮದುವೆ ಹಾಲಿನ ಲೈಟಿಗೆ ಬಿಳಿ ಶರ್ಟು ಹೊಳೆದ ಹಾಗೆ ಹೊಳೆಯಿತು. ಕಾಗದಕ್ಕೆ ಆ ಹೊಳಪು ಕೊಡುವ ರಾಸಾಯನಿಕ ಬಂದಿದ್ದೇ ಎರಡನೇ ಮಹಾಯುದ್ಧದ ಆಚೀಚೆ. ಅಲ್ಲಿಗೆ ಕತೆ ಮುಗಿಯಿತು.

ನನ್ನದು ಅಷ್ಟು ಸುಲಭದ ಮೋಸ ಆಗಿರಲಿಲ್ಲ. ಹಾಗಂತ ಸಮಾಧಾನ ಮಾಡಿಕೊಂಡಿದ್ದೇನೆ.

ಆಗ ನನಗೆ ಸಿಂಗಾಪುರದ ಹುಚ್ಚು ಹಿಡಿದಿತ್ತು. 1867ರವರೆಗೆ ಸಿಂಗಾಪುರ, ಪೆನಾಂಗ್, ಮಲಾಕ್ಕಾದಲ್ಲಿ ಬಳಸುತ್ತಿದ್ದದ್ದು ನಮ್ಮ ಇಂಡಿಯಾದ ಸ್ಟಾಂಪುಗಳೇ. ಅಲ್ಲಿನ ಅಂಚೆ ಕಚೇರಿಗಳು ಬಂಗಾಳದ ಲೆಕ್ಕಕ್ಕೆ ಸೇರಿದ್ದವು. ಹಾಗಾಗಿ ಸೀಲಿನ ನಡುವೆ ಬಿ ಅಂತ ಅಕ್ಷರ, ಕೆಳಗೆ ನಂಬರು. ಸಿಂಗಾಪುರ 172, ಪೆನಾಂಗ್ 147, ಮಲಾಕ್ಕಾ 109. ಸ್ಟಾಂಪು ಅದೇ, ಆದರೆ ಈ ನಂಬರು ಬಿದ್ದಿದ್ದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಇಂಟರ್ನೆಟ್ಟಿನಲ್ಲಿ ಒಬ್ಬ ವ್ಯಾಪಾರಿ ಒಂದಾಣೆಯ ಕಂದು ಸ್ಟಾಂಪೊಂದನ್ನು ಬಿ 172ರ ಸೀಲಿನ ಜೊತೆ ಮಾರಾಟಕ್ಕಿಟ್ಟಿದ್ದ. 1800 ರೂಪಾಯಿ. ನಾನು ಚೌಕಾಶಿ ಕೂಡ ಮಾಡಲಿಲ್ಲ.

ಬಂದ ಮೇಲೆ ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನೋಡಿದರೆ ಗೆರೆಗಳು ಚೂಪಾಗಿ ಇವೆ, ಕಂಪ್ಯೂಟರ್ ಪ್ರಿಂಟಿನ ಚುಕ್ಕೆಗಳಿಲ್ಲ. ಅಂಚಿನ ಹಲ್ಲು ಅಳೆದೆ, ಎರಡು ಸೆಂಟಿಮೀಟರಿಗೆ 14, ಸರಿ. ಕಪ್ಪು ತಟ್ಟೆಯಲ್ಲಿ ಬೋರಲು ಹಾಕಿ ಲೈಟರಿನ ಪೆಟ್ರೋಲು ಎರಡು ತೊಟ್ಟು ಬಿಟ್ಟೆ. ಕಾಗದದೊಳಗಿಂದ ಒಂದು ನಕ್ಷತ್ರ ಮೆಲ್ಲ ಎದ್ದು ಬಂತು. ಆಹಾ, ಕಾಗದದೊಳಗಿನ ಗುರುತು, ವಾಟರ್‌ಮಾರ್ಕೂ ಇದೆ! ಅಸಲಿ ಅಂತ ಖುಷಿಯಲ್ಲಿ ಆಲ್ಬಂಗೆ ಸೇರಿಸಿದೆ.

ಒಂದು ವರ್ಷ ಹಾಗೇ ಇತ್ತು. ರಜೆಗೆ ಬಂದ ತಂಗಿಯ ಮಗಳು, ಏಳನೇ ಕ್ಲಾಸು, ಸುಮ್ನೆ ಪುಟ ತಿರುಗಿಸುತ್ತಾ ಸ್ಟಾಂಪಿನ ಮೇಲಿದ್ದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. "ಈಸ್ಟ್ ಇಂಡಿಯಾ ಪೋಸ್ಟೇಜ್. ಈಸ್ಟ್ ಇಂಡಿಯಾ ಪೋಸ್ಟೇಜ್. ಇಂಡಿಯಾ ಪೋಸ್ಟೇಜ್. ಮಾವಾ, ಇದ್ರಲ್ಲಿ ಈಸ್ಟ್ ಯಾಕಿಲ್ಲ?"

ನನ್ನ ಎದೆ ಧಸಕ್ ಅಂತು. ಸ್ಟಾಂಪಿನಿಂದ ಈಸ್ಟ್ ಬಿಟ್ಟುಹೋಗಿದ್ದು 1882ರಲ್ಲಿ. ನಕ್ಷತ್ರದ ವಾಟರ್‌ಮಾರ್ಕು ಬಂದಿದ್ದೂ ಆಗಲೇ. ಅದಕ್ಕೆ ಮುಂಚೆ, 1865ರಿಂದ, ಇದ್ದದ್ದು ಆನೆಯ ತಲೆ. ಸಿಂಗಾಪುರಕ್ಕೆ ಬೇರೆ ಸ್ಟಾಂಪು ಬಂದು ಹದಿನೈದು ವರ್ಷ ಆದ ಮೇಲೆ ಅಚ್ಚಾದ ಸ್ಟಾಂಪಿನ ಮೇಲೆ ಸಿಂಗಾಪುರದ ಹಳೇ ಸೀಲು ಬೀಳುವುದು ಹೇಗೆ? ಸ್ಟಾಂಪು ಅಸಲಿಯೇ, ಹತ್ತಿಪ್ಪತ್ತು ರೂಪಾಯಿಯದ್ದು. ಖೋಟಾ ಆಗಿದ್ದು ಸೀಲು. ನಾನು ಎಲ್ಲ ನೋಡಿದ್ದೆ, ಓದಿರಲಿಲ್ಲ. ನಕ್ಷತ್ರ ಕಣ್ಣೆದುರು ಎದ್ದು ಬಂದಾಗಲೂ ಆನೆ ಎಲ್ಲಿ ಅಂತ ಕೇಳಲಿಲ್ಲ.

ಮತ್ತೆ ಭೂತಗನ್ನಡಿ ತಂದು ನೋಡಿದೆ. ಲಕೋಟೆಗೆ ಅಂಟಿದ ಸ್ಟಾಂಪಿಗೆ ಸೀಲು ಹೊಡೆದರೆ ಮಸಿ ಹಲ್ಲಿನ ಮೇಲಿಂದ ಹಾದು ಲಕೋಟೆಗೆ ಹೋಗುತ್ತದೆ. ಇದರಲ್ಲಿ ಹಲ್ಲಿನ ಸಂದಿಗೆಲ್ಲ ಮಸಿ ಮೆತ್ತಿ ಹಿಂಬದಿಗೂ ಇಣುಕಿತ್ತು. ಬಿಡಿ ಸ್ಟಾಂಪನ್ನು ಮೇಜಿನ ಮೇಲಿಟ್ಟು ಹೊಡೆದದ್ದು. ಅಜ್ಜಿ ಅಡಿಕೆ ರಾಶಿಯಿಂದ ಪಟೋರ, ಕರಿಗೋಟು ಅಂತ ಕೀಳು ಅಡಿಕೆ ಹೆಕ್ಕುವಾಗ ಕಣ್ಣು ಬೇರೆಲ್ಲೋ ಇರುತ್ತಿತ್ತು, ಬೆರಳಿಗೇ ಗೊತ್ತಾಗುತ್ತಿತ್ತು. ನನಗೆ ಆ ಬೆರಳು ಇನ್ನೂ ಬಂದಿಲ್ಲ.

ವ್ಯಾಪಾರಿಗೆ ಬರೆದೆ. ಉತ್ತರ ಬರಲಿಲ್ಲ, ಬರುತ್ತದೆ ಅಂತ ನಂಬಿಯೂ ಇರಲಿಲ್ಲ.

ಆಮೇಲೆ ಖೋಟಾ ಸ್ಟಾಂಪಿಗೆ ಹೆಸರಾದ ಜೀನ್ ದ ಸ್ಪೆರಾಟಿಯ ಬಗ್ಗೆ ಓದಿ ಸ್ವಲ್ಪ ಹಗುರ ಆಯಿತು. ಅವನು ಫ್ರಾನ್ಸಿನಲ್ಲಿ ಕೂತು ಮಾಡಿದ ಕೆಲಸ ನೋಡಿ: ಅದೇ ಕಾಲದ ಅಗ್ಗದ ಅಸಲಿ ಸ್ಟಾಂಪು ತಗೊಂಡು, ಅದರ ಚಿತ್ರವನ್ನು ರಾಸಾಯನಿಕದಲ್ಲಿ ತೊಳೆದು, ಉಳಿದ ಕಾಗದದ ಮೇಲೆ ದುಬಾರಿ ಸ್ಟಾಂಪಿನ ಚಿತ್ರ ಅಚ್ಚು ಹಾಕುವುದು. ಕಾಗದ ಅಸಲಿ, ವಾಟರ್‌ಮಾರ್ಕು ಅಸಲಿ, ಹಲ್ಲೂ ಅಸಲಿ. 1942ರಲ್ಲಿ ಲಿಸ್ಬನ್‌ಗೆ ಕಳಿಸಿದ 18 ಸ್ಟಾಂಪುಗಳನ್ನು ಫ್ರಾನ್ಸಿನ ಕಸ್ಟಮ್ಸ್‌ನವರು ಹಿಡಿದರು. ತಜ್ಞರು ಅಸಲಿ ಅಂತಲೇ ಹೇಳಿ ಭಾರೀ ಬೆಲೆ ಕಟ್ಟಿದರು. ಅವನು "ಸ್ವಾಮೀ, ಇವೆಲ್ಲ ನಾನೇ ಮಾಡಿದ್ದು" ಅಂತ ಕೋರ್ಟಿನಲ್ಲಿ ವಾದ ಮಾಡಬೇಕಾಯಿತು! ಕೊನೆಗೆ 1954ರಲ್ಲಿ ಬ್ರಿಟಿಷ್ ಫಿಲಾಟೆಲಿಕ್ ಅಸೋಸಿಯೇಷನ್ ಅನ್ನುವ ಸ್ಟಾಂಪಿನವರ ಸಂಘ ಅವನ ಸರಕು ಸಾಮಾನೆಲ್ಲ ದುಡ್ಡು ಕೊಟ್ಟು ಕೊಂಡು ಅಂಗಡಿ ಮುಚ್ಚಿಸಿತು.

ನನಗೆ ಸಿಕ್ಕಿದವನು ಸ್ಪೆರಾಟಿಯ ಕಾಲಿನ ಧೂಳಿಗೂ ಸಮ ಅಲ್ಲ. ಇಸವಿಯನ್ನೂ ನೋಡದ ಕಳ್ಳ.

ಸ್ಟಾಂಪನ್ನು ಬಿಸಾಡಿಲ್ಲ. ಅದೇ ಪುಟದಲ್ಲಿದೆ. ಕೆಳಗೆ ತಂಗಿಯ ಮಗಳು ಪೆನ್ಸಿಲಿನಲ್ಲಿ ಬರೆದಿದ್ದಾಳೆ: ಈಸ್ಟ್ ಎಲ್ಲಿ?