ಕನೋಬೆಲ್ಸ್ ಪಾರ್ಕಿನ ಪಕ್ಕದಲ್ಲೇ ಕ್ಯಾಬಿನ್: ಕುಟುಂಬ ಸಮೇತ ಹೋಗುವವರು ತಿಳಿದಿರಬೇಕಾದದ್ದು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಎಲಿಸ್‌ಬರ್ಗ್ ಊರಿನ ಹತ್ತಿರ, ಕಾಡಿನ ಕಣಿವೆಯಲ್ಲಿ ಕನೋಬೆಲ್ಸ್ ಎಂಬ ಅಮ್ಯೂಸ್‌ಮೆಂಟ್ ಪಾರ್ಕ್ ಇದೆ. 1926ರ ಜುಲೈ 4ರಂದು ಶುರುವಾದ ಈ ಪಾರ್ಕಿಗೆ ಇವತ್ತಿಗೂ ಪ್ರವೇಶ ಶುಲ್ಕ ಇಲ್ಲ, ಪಾರ್ಕಿಂಗ್ ಶುಲ್ಕವೂ ಇಲ್ಲ. ಹತ್ತಿದ ರೈಡಿಗೆ ಮಾತ್ರ ಟಿಕೆಟ್. ಪಾರ್ಕಿಗೆ ಅಂಟಿಕೊಂಡೇ ಅವರದೇ ಕ್ಯಾಂಪ್‌ಗ್ರೌಂಡ್ ಇದೆ, ಅಲ್ಲಿ ಟೆಂಟ್ ಜಾಗಗಳ ಜೊತೆಗೆ ಮರದ ಕ್ಯಾಬಿನ್‌ಗಳೂ ಸಿಗುತ್ತವೆ. ಈ ಎರಡು ಸಂಗತಿ ಸೇರಿದಾಗ ಪ್ರವಾಸದ ಲೆಕ್ಕಾಚಾರವೇ ಬದಲಾಗುತ್ತದೆ. ಬೇರೆ ಪಾರ್ಕುಗಳಲ್ಲಿ ಗೇಟಿನಲ್ಲಿ ದುಡ್ಡು ಕೊಟ್ಟಾಯ್ತಲ್ಲ ಎಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಕ್ಕಳನ್ನು ಎಳೆದಾಡುತ್ತೇವೆ. ಇಲ್ಲಿ ಹಾಗೆ ಮಾಡಬೇಕಾಗಿಲ್ಲ, ಮಾಡಲೂಬಾರದು. ಬೆಳಿಗ್ಗೆ ಎರಡು ಗಂಟೆ ಸುತ್ತಿ, ಬಿಸಿಲೇರಿದಾಗ ಕ್ಯಾಬಿನ್‌ಗೆ ಬಂದು ಉಂಡು ಮಲಗಿ, ಸಂಜೆ ಮತ್ತೆ ಹೋಗಬೇಕು. ಮುಂದೆ ಹೇಳುವ ಸಲಹೆಗಳೆಲ್ಲ ಈ ದಿನಚರಿಯನ್ನು ಇಟ್ಟುಕೊಂಡೇ ಹೇಳುವಂಥವು.

ಮೊದಲು ಬುಕಿಂಗ್. ಬೇಸಿಗೆಯ ಶನಿವಾರ, ಭಾನುವಾರಗಳ ಕ್ಯಾಬಿನ್‌ಗಳು ತಿಂಗಳುಗಳ ಮುಂಚೆಯೇ ಹೋಗಿಬಿಡುತ್ತವೆ. ರಜೆ ಹೊಂದಿಸಿಕೊಳ್ಳಲು ಆಗುವವರು ವಾರದ ಮಧ್ಯೆ ಎರಡು ರಾತ್ರಿ ಹಿಡಿಯುವುದು ಉತ್ತಮ, ರೈಡುಗಳ ಸಾಲೂ ಚಿಕ್ಕದಿರುತ್ತದೆ. ಒಂದೇ ರಾತ್ರಿಗೆ ಹೋದರೆ ಸಾಮಾನು ಇಳಿಸಿ ಏರಿಸುವುದರಲ್ಲೇ ಸಮಯ ಕಳೆಯುತ್ತದೆ. ಪಾರ್ಕಿನವರಿಗೆ ಲೇಕ್ ಗ್ಲೋರಿ ಎಂಬ ಇನ್ನೊಂದು ಕ್ಯಾಂಪ್‌ಗ್ರೌಂಡೂ ಇದೆ. ಅದು ಶಾಂತವಾದ ಜಾಗ, ಆದರೆ ಪಾರ್ಕಿನಿಂದ ಕೆಲವು ಮೈಲಿ ದೂರ. ಮಧ್ಯಾಹ್ನ ನಡೆದುಕೊಂಡು ವಾಪಸ್ ಬರುವ ಅನುಕೂಲ ಅಲ್ಲಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಪಾರ್ಕಿನ ಪಕ್ಕದ್ದೇ ಬೇಕು ಎಂದು ಸ್ಪಷ್ಟವಾಗಿ ಕೇಳಿ ಬುಕ್ ಮಾಡಿ. ಎರಡಕ್ಕೂ ಒಂದೇ ಹೆಸರಿನ ನಂಟು ಇರುವುದರಿಂದ ಗಡಿಬಿಡಿಯಲ್ಲಿ ಅದಲುಬದಲಾಗುವ ಸಾಧ್ಯತೆ ಇದೆ.

ಫೋನಿನಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ. ಕ್ಯಾಬಿನ್ ಒಳಗೆ ನೀರು, ಶೌಚಾಲಯ ಇದೆಯೇ, ಇಲ್ಲದಿದ್ದರೆ ಸಾಮೂಹಿಕ ಸ್ನಾನಗೃಹ ಎಷ್ಟು ಹೆಜ್ಜೆ ದೂರ? ಮಂಚಗಳ ಅಳತೆ ಏನು? ತಲೆ ಲೆಕ್ಕದಲ್ಲಿ ಕೈಗೂಸೂ ಸೇರುತ್ತದೆಯೇ? ಎಷ್ಟು ಕಾರು ನಿಲ್ಲಿಸಬಹುದು? ಪಕ್ಕದಲ್ಲಿ ಒಂದು ಪುಟ್ಟ ಟೆಂಟ್ ಹಾಕಬಹುದೇ? ಬುಕಿಂಗ್ ರದ್ದು ಮಾಡಿದರೆ ಎಷ್ಟು ಕೈಬಿಡುತ್ತದೆ? ಇನ್ನೊಂದು, ಬಹಳ ಜನ ಕೇಳದೇ ಬಿಡುವ ಪ್ರಶ್ನೆ: ಕ್ಯಾಬಿನ್ ತೊರೆಯ ದಂಡೆಯಲ್ಲಿದೆಯೋ, ಎತ್ತರದಲ್ಲಿದೆಯೋ? ಪಾರ್ಕಿನ ಮಧ್ಯೆ ರೋರಿಂಗ್ ಕ್ರೀಕ್ ತೊರೆಯ ಕವಲು ಹರಿಯುತ್ತದೆ. 1972ರ ಆಗ್ನೆಸ್ ಚಂಡಮಾರುತದಲ್ಲಿ ಮತ್ತು 2011ರ ಸೆಪ್ಟೆಂಬರಿನ ಲೀ ಬಿರುಗಾಳಿ ಮಳೆಯಲ್ಲಿ ಈ ಕಣಿವೆಗೆ ನೀರು ನುಗ್ಗಿತ್ತು. ಸಾಮಾನ್ಯ ದಿನಗಳಲ್ಲಿ ತೊರೆಯ ಪಕ್ಕದ ಜಾಗ ಬಹಳ ಚೆನ್ನಾಗಿರುತ್ತದೆ, ಮಕ್ಕಳು ಕಲ್ಲು ಜೋಡಿಸುತ್ತಾ ಗಂಟೆಗಟ್ಟಲೆ ಕೂರುತ್ತಾರೆ. ಆದರೆ ಜೋರು ಮಳೆಯಾದ ಮೇಲೆ, ಬಿಸಿಲು ಬಂದಿದ್ದರೂ, ಮಕ್ಕಳನ್ನು ನೀರಿಗೆ ಇಳಿಸಬೇಡಿ. ಮೇಲೆ ಸುರಿದ ನೀರು ಕೆಳಗೆ ತಲುಪಲು ಹೊತ್ತು ಹಿಡಿಯುತ್ತದೆ.

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯಿಂದ ಬರುವವರು ಇಂಟರ್‌ಸ್ಟೇಟ್ 80ರಲ್ಲಿ ಬಂದು ಡ್ಯಾನ್‌ವಿಲ್‌ನ 224ನೇ ಎಗ್ಸಿಟ್‌ನಲ್ಲಿ ಇಳಿದು, 54ನೇ ರಸ್ತೆಯಲ್ಲಿ ಎಲಿಸ್‌ಬರ್ಗ್‌ಗೆ, ಅಲ್ಲಿಂದ 487ಕ್ಕೆ ತಿರುಗಬೇಕು. ಕೊನೆಯ ಭಾಗ ಬಳುಕುವ ಎರಡೇ ಲೇನಿನ ರಸ್ತೆ, ಸಂಜೆ ಮೇಲೆ ಜಿಂಕೆ ಅಡ್ಡ ಬರುತ್ತವೆ. ಬೆಳಕಿರುವಾಗಲೇ ತಲುಪುವ ಹಾಗೆ ಹೊರಡಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡಬಹುದು. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಬುಕಿಂಗ್ ಕಾಗದವನ್ನು ಫೋಟೊ ತೆಗೆದಿಡಿ, ಪಾರ್ಕಿನೊಳಗೆ ಬೇರೆಯಾದರೆ ಎಲ್ಲಿ ಸೇರಬೇಕು ಎಂದು ಮನೆಯವರೆಲ್ಲ ಮೊದಲೇ ಮಾತಾಡಿಕೊಳ್ಳಿ. ಹಾಲು, ಮೊಸರು, ತರಕಾರಿಯನ್ನು ಡ್ಯಾನ್‌ವಿಲ್ ಅಥವಾ ಬ್ಲೂಮ್ಸ್‌ಬರ್ಗ್‌ನಲ್ಲೇ ಕೊಂಡುಬಿಡಿ. ಕ್ಯಾಬಿನ್ ಕೈಗೆ ಸಿಗುವುದು ಮಧ್ಯಾಹ್ನದ ನಂತರ. ಬೇಗ ಬಂದರೆ ಕಾಯುತ್ತಾ ಕೂರಬೇಕಿಲ್ಲ, ಕಾರು ನಿಲ್ಲಿಸಿ ಪಾರ್ಕಿನೊಳಗೆ ನಡೆದುಬಿಡಿ. ಆದರೆ ಹೆಪ್ಪು, ಔಷಧಿ, ಕರಗುವ ತಿಂಡಿಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಹಾಗೇ ಬಿಡಬೇಡಿ, ಐಸ್ ಹಾಕಿದ ಕೂಲರಿನಲ್ಲಿಡಿ.

ಕ್ಯಾಬಿನ್ ಎಂದರೆ ಹೋಟೆಲ್ ಕೋಣೆ ಎಂದುಕೊಂಡು ಬಂದವರಿಗೆ ಮೊದಲ ರಾತ್ರಿಯೇ ಬೇಸರವಾಗುತ್ತದೆ. ಈ ಬಗೆಯ ಮರದ ಕ್ಯಾಬಿನ್‌ಗಳಲ್ಲಿ ಮಂಚ, ಹಾಸಿಗೆ, ದೀಪ, ವಿದ್ಯುತ್ ಪ್ಲಗ್ಗು, ಹೊರಗೆ ಮೇಜು ಮತ್ತು ಬೆಂಕಿ ಹಾಕುವ ಕಬ್ಬಿಣದ ಬಳೆ ಇರುತ್ತವೆ. ದಿಂಬು, ಹೊದಿಕೆ, ಟವೆಲ್ ಎಲ್ಲ ನಾವೇ ತರಬೇಕು ಎಂದೇ ಲೆಕ್ಕ ಹಾಕಿ. ಹಾಸಿಗೆಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನಂಥ ಹೊದಿಕೆ ಇರುತ್ತದೆ. ಅದರ ಮೇಲೆ ನೇರವಾಗಿ ಸ್ಲೀಪಿಂಗ್ ಬ್ಯಾಗ್ ಹಾಕಿದರೆ ರಾತ್ರಿಯಿಡೀ ಜಾರುತ್ತದೆ, ಬೆನ್ನು ಬೆವರುತ್ತದೆ. ಒಂದು ದಪ್ಪ ಹತ್ತಿ ಜಮಖಾನ ಕೆಳಗೆ ಹಾಸಿದರೆ ಎರಡೂ ತೊಂದರೆ ತಪ್ಪುತ್ತದೆ. ಬಂಕ್ ಮಂಚದ ಮೇಲಿನ ಅಂತಸ್ತಿಗೆ 6 ವರ್ಷದೊಳಗಿನ ಮಕ್ಕಳನ್ನು ಹತ್ತಿಸಬೇಡಿ, ಅಮೆರಿಕದ ಸುರಕ್ಷತಾ ನಿಯಮ ಹೇಳುವುದೂ ಅದನ್ನೇ. ಜುಲೈನಲ್ಲೂ ಕಣಿವೆಯಲ್ಲಿ ಬೆಳಗಿನ ಜಾವ ತಣ್ಣಗಾಗುತ್ತದೆ, ಅಕ್ಟೋಬರ್ ವಾರಾಂತ್ಯಗಳಲ್ಲಂತೂ ಉಣ್ಣೆ ಟೋಪಿಯೇ ಬೇಕಾಗುತ್ತದೆ. ರಾತ್ರಿ ಸ್ನಾನಗೃಹಕ್ಕೆ ಹೋಗಲು ಪ್ರತಿಯೊಬ್ಬರಿಗೂ ಒಂದೊಂದು ಟಾರ್ಚ್, ನೀರಲ್ಲಿ ಜಾರದ ರಬ್ಬರ್ ಚಪ್ಪಲಿ, ಸೋಪು ಬಟ್ಟೆ ನೇತುಹಾಕಲು ಒಂದು ಕೈಚೀಲ ಇರಲಿ. ಸ್ನಾನಕ್ಕೆ ಎಲ್ಲರೂ ಮುಗಿಬೀಳುವುದು ಬೆಳಿಗ್ಗೆ. ಮಧ್ಯಾಹ್ನ ಪಾರ್ಕಿನಿಂದ ವಾಪಸ್ ಬಂದ ಹೊತ್ತಿನಲ್ಲಿ ಮಕ್ಕಳಿಗೆ ಸ್ನಾನ ಮಾಡಿಸಿದರೆ ಸ್ನಾನಗೃಹ ಖಾಲಿ ಇರುತ್ತದೆ.

ಅಡುಗೆಯ ವಿಷಯದಲ್ಲಿ ಜನ ಎಡವುವುದು ವಿದ್ಯುತ್ತಿನಲ್ಲಿ. ಅಮೆರಿಕದ ಸಾಮಾನ್ಯ ಸರ್ಕಿಟ್ 120 ವೋಲ್ಟ್, 15 ಆಂಪಿಯರ್, ಅಂದರೆ ಹೆಚ್ಚೆಂದರೆ 1800 ವಾಟ್. ಎಲೆಕ್ಟ್ರಿಕ್ ಕೆಟಲ್ ಒಂದೇ 1500 ವಾಟ್ ಎಳೆಯುತ್ತದೆ, ರೂಮ್ ಹೀಟರ್ ಇನ್ನೊಂದು 1500, ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ 1800. ಅನ್ನದ ಕುಕ್ಕರ್ ಮಾತ್ರ ಸುಮಾರು 500ರಿಂದ 700ರೊಳಗೆ ಇರುತ್ತದೆ. ಹೀಗಾಗಿ ಕುಕ್ಕರ್ ಇಟ್ಟಾಗ ಕೆಟಲ್ ಹಾಕಬೇಡಿ, ಹೀಟರ್ ಓಡುವಾಗ ಎರಡನ್ನೂ ಮುಟ್ಟಬೇಡಿ. ಬ್ರೇಕರ್ ಬಿದ್ದರೆ ಅದನ್ನು ಎತ್ತುವ ಪೆಟ್ಟಿಗೆ ಕ್ಯಾಬಿನ್ ಹೊರಗೆ ಕತ್ತಲಲ್ಲಿ ಇರಬಹುದು, ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ. ತೆಳ್ಳನೆಯ ವೈರಿನ ಎಕ್ಸ್‌ಟೆನ್ಶನ್ ಮೇಲೆ ಕುಕ್ಕರ್, ಹೀಟರ್ ಹಾಕಿದರೆ ವೈರ್ ಬಿಸಿಯಾಗುತ್ತದೆ. ದಪ್ಪ, ಮೂರು ಪಿನ್ನಿನ ವೈರನ್ನೇ ತನ್ನಿ. ಒಗ್ಗರಣೆ, ಕರಿಯುವುದು ಎಲ್ಲ ಹೊರಗಿನ ಮೇಜಿನ ಮೇಲೆ ಗ್ಯಾಸ್ ಸ್ಟವ್‌ನಲ್ಲಿ ಆಗಲಿ, ಹೊಗೆ ಪತ್ತೆಯ ಅಲಾರಂ ಒಂದೇ ಸಾಸಿವೆ ಸಿಡಿತಕ್ಕೆ ಕೂಗಿಕೊಳ್ಳುತ್ತದೆ. ಇದ್ದಿಲಿನ ಗ್ರಿಲ್ಲನ್ನು ಮಳೆ ಬಂತೆಂದು ಯಾವ ಕಾರಣಕ್ಕೂ ಒಳಗೆ ತರಬೇಡಿ. ಆರಿದಂತೆ ಕಾಣುವ ಇದ್ದಿಲೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ, ಅದಕ್ಕೆ ವಾಸನೆಯೇ ಇಲ್ಲ, ನಿದ್ದೆಯಲ್ಲಿದ್ದವರನ್ನು ಕೊಲ್ಲುತ್ತದೆ.

ಚಿತ್ರಾನ್ನ, ಪುಳಿಯೋಗರೆ, ಚಪಾತಿ ಇಂಥವನ್ನು ಕಟ್ಟಿಕೊಂಡು ಪಾರ್ಕಿನೊಳಗೂ ಹೋಗಬಹುದು. ಹೊರಗಿನ ಊಟಕ್ಕೆ ಅಡ್ಡಿಯಿಲ್ಲ, ಕೂರಲು ಮರದ ಮಾಡಿನ ಕೆಳಗೆ ಬೇಕಾದಷ್ಟು ಮೇಜುಗಳಿವೆ. ಮೊಸರನ್ನ, ಬೇಯಿಸಿದ ತರಕಾರಿಗಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಕೂಲರಿಗೆ ಪುಡಿ ಐಸಿಗಿಂತ ಗಟ್ಟಿ ಐಸ್ ಅಥವಾ ಮನೆಯಲ್ಲೇ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಮೇಲು. ನಿಧಾನ ಕರಗುತ್ತವೆ, ಕರಗಿದ ಮೇಲೆ ಕುಡಿಯಲೂ ಆಗುತ್ತದೆ. ರಾತ್ರಿ ಮಲಗುವ ಮುಂಚೆ ಎಲ್ಲ ತಿನಿಸನ್ನೂ, ಕಸದ ಚೀಲವನ್ನೂ ಕಾರಿನೊಳಗೆ ಹಾಕಿ ಬೀಗ ಹಾಕಿ. ರಕೂನ್‌ಗಳು ಕೂಲರಿನ ಮುಚ್ಚಳ ತೆಗೆಯುವುದರಲ್ಲಿ ನಿಪುಣರು. ಈ ರಾಜ್ಯದ ಕಾಡುಗಳಲ್ಲಿ ಕಪ್ಪು ಕರಡಿಗಳೂ ಇವೆ.

ಸೌದೆಯನ್ನು ಮನೆಯಿಂದ ತರಬೇಡಿ, ಅಲ್ಲೇ ಕೊಳ್ಳಿ. ದೂರದ ಸೌದೆಯ ತೊಗಟೆಯಲ್ಲಿ ಮರ ಕೊಲ್ಲುವ ಕೀಟಗಳು ಅಡಗಿ ಹೊಸ ಕಾಡಿಗೆ ಹರಡುತ್ತವೆ. ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಕೀಟ ಅಮೆರಿಕದಲ್ಲಿ ಮೊದಲು ಕಂಡದ್ದೇ 2014ರಲ್ಲಿ, ಇದೇ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ. ಬೆಂಕಿ ಆರಿಸುವಾಗ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಬೂದಿಯ ಹತ್ತಿರ ಕೈ ಹಿಡಿದು ಬಿಸಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಏಳಿ.

ಉಣುಗಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಉಣುಗು ಕಚ್ಚುವುದರಿಂದ ಬರುವ ಲೈಮ್ ಕಾಯಿಲೆ ಅತಿ ಹೆಚ್ಚು ಕಾಣುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾ ಒಂದು. ಮೇಯಿಂದ ಜುಲೈವರೆಗೆ ಗಸಗಸೆ ಕಾಳಿನಷ್ಟೇ ಇರುವ ಮರಿ ಉಣುಗುಗಳು ಹುಲ್ಲಿನ ಅಂಚಿನಲ್ಲಿ ಕಾಯುತ್ತಿರುತ್ತವೆ. ಕಚ್ಚಿದ ತಕ್ಷಣ ರೋಗ ಅಂಟುವುದಿಲ್ಲ, ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಂಟಿಕೊಂಡಿರಬೇಕು. ಆದ್ದರಿಂದ ದಿನವೂ ಹುಡುಕಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಮಧ್ಯಾಹ್ನದ ಸ್ನಾನವೇ ಇದಕ್ಕೆ ಸರಿಯಾದ ಹೊತ್ತು: ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕುಳು, ಮಂಡಿಯ ಹಿಂಭಾಗ, ತೊಡೆಸಂದು. ಸಿಕ್ಕರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮನೆಗೆ ಬಂದ ಮೇಲೆ ಬಟ್ಟೆಗಳನ್ನು ಒಗೆಯುವ ಮೊದಲೇ ಡ್ರೈಯರಿನಲ್ಲಿ ಹೆಚ್ಚು ಬಿಸಿಗೆ 10 ನಿಮಿಷ ತಿರುಗಿಸಿದರೆ ಅಡಗಿದ ಉಣುಗು ಸಾಯುತ್ತದೆ.

ಇನ್ನು ಪಾರ್ಕು. ಟಿಕೆಟ್ ಪುಸ್ತಕ ಕೊಳ್ಳಬೇಕೋ, ದಿನವಿಡೀ ಎಷ್ಟು ಬೇಕಾದರೂ ಹತ್ತುವ ಪಾಸು ಕೊಳ್ಳಬೇಕೋ ಎಂಬುದೇ ಎಲ್ಲರ ಗೊಂದಲ. ಪಾಸು ಎಲ್ಲ ದಿನವೂ ಸಿಗುವುದಿಲ್ಲ, ಕೆಲವು ಆಕರ್ಷಣೆಗಳು ಅದರಲ್ಲಿ ಸೇರದಿರಬಹುದು, ಬೋರ್ಡು ಓದಿ ನೋಡಿ. ದೊಡ್ಡ ಕೋಸ್ಟರುಗಳನ್ನು ಮತ್ತೆ ಮತ್ತೆ ಹತ್ತುವ ಹದಿಹರೆಯದವರಿಗೆ ಪಾಸು ಲಾಭ. ಚಿಕ್ಕ ಮಕ್ಕಳಿಗೆ, ಒಂದೆರಡು ರೈಡ್ ಮಾತ್ರ ಹತ್ತುವ ಅಪ್ಪ ಅಮ್ಮಂದಿರಿಗೆ ಟಿಕೆಟ್ ಪುಸ್ತಕವೇ ಸಾಕು. ಅಜ್ಜಿ ತಾತ ಬೆಂಚಿನ ಮೇಲೆ ಕೂತು ನೋಡಿದರೆ ಒಂದು ಸೆಂಟೂ ಖರ್ಚಿಲ್ಲ. ಊರಿನಿಂದ ಬಂದ ಹಿರಿಯರ ಜೊತೆ ಹೋಗಲು ಈ ಪಾರ್ಕು ತಕ್ಕುದಾಗಿರುವುದು ಇದರಿಂದಲೇ.

ಫೀನಿಕ್ಸ್ ಎಂಬ ಮರದ ಕೋಸ್ಟರನ್ನು ಬಿಡಬಾರದು. 1947ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕಟ್ಟಿದ್ದ ಇದನ್ನು, ಆ ಪಾರ್ಕು ಮುಚ್ಚಿದ ಮೇಲೆ ಬಿಚ್ಚಿ ತಂದು 1985ರಲ್ಲಿ ಇಲ್ಲಿ ಮತ್ತೆ ನಿಲ್ಲಿಸಿದರು. ಶುರುವಾಗುವುದೇ ಕಗ್ಗತ್ತಲ ಸುರಂಗದಿಂದ, ಕತ್ತಲೆಗೆ ಹೆದರುವ ಮಗುವಿಗೆ ಮೊದಲೇ ಹೇಳಿಡಿ. ಮಡಿಲ ಮೇಲೆ ಬರುವ ಸರಳು ಇಬ್ಬರಿಗೂ ಸೇರಿ ಒಂದೇ. ಅದು ಮೈಗೆ ತಕ್ಕಂತೆ ಬಿಗಿಯಾಗದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಚಿಕ್ಕ ಮೈಯವರಿಗೆ ನಡುವೆ ಸಡಿಲ ಉಳಿದು ಪ್ರತಿ ಗುಡ್ಡದ ಮೇಲೂ ಸೀಟಿನಿಂದ ಮೇಲೇಳುತ್ತಾರೆ. 2013ರಲ್ಲಿ ತೆರೆದ ಫ್ಲೈಯಿಂಗ್ ಟರ್ನ್ಸ್‌ನಲ್ಲಿ ಹಳಿಯೇ ಇಲ್ಲ, ಮರದ ದೋಣಿಯಂಥ ಕಾಲುವೆಯಲ್ಲಿ ಬಂಡಿ ಜಾರುತ್ತದೆ. ಅದಕ್ಕೆ ತೂಕದ ಮಿತಿ ಇರುವುದರಿಂದ ಸಾಲು ನಿಧಾನ, ಬೆಳಿಗ್ಗೆ ಮೊದಲು ಅದನ್ನೇ ಮುಗಿಸಿ. 1913ರ ದೊಡ್ಡ ಕ್ಯಾರೊಸೆಲ್‌ನಲ್ಲಿ 63 ಮರದ ಕುದುರೆಗಳಿವೆ. ಸುತ್ತುವಾಗ ಕೈಚಾಚಿ ಉಂಗುರ ಕೀಳಬಹುದು, ಹಿತ್ತಾಳೆಯದು ಸಿಕ್ಕವರಿಗೆ ಇನ್ನೊಂದು ಸುತ್ತು ಉಚಿತ. ಅದಕ್ಕಾಗಿ ಹೊರಸಾಲಿನ ಕುದುರೆಯನ್ನೇ ಹಿಡಿಯಬೇಕು.

ಗುಡುಗು ಮಿಂಚು ಬಂದರೆ ರೈಡುಗಳು ನಿಲ್ಲುತ್ತವೆ. ಪಾರ್ಕಿನೊಳಗೇ ಕಲ್ಲಿದ್ದಲು ಗಣಿಗಾರಿಕೆಯ ಮ್ಯೂಸಿಯಂ, ಕ್ಯಾರೊಸೆಲ್ ಮ್ಯೂಸಿಯಂ ಇವೆ. ಪೂರ್ತಿ ದಿನ ಮಳೆಯಾದರೆ ಸುಮಾರು ಅರ್ಧ ಗಂಟೆ ದೂರದ ಆಶ್‌ಲ್ಯಾಂಡ್‌ಗೆ ಹೋಗಿ. ಅಲ್ಲಿನ ಪಯನೀರ್ ಟನಲ್‌ನಲ್ಲಿ ಗಣಿ ಬಂಡಿ ಹತ್ತಿಸಿ ಬೆಟ್ಟದೊಳಗೆ ಕರೆದೊಯ್ಯುತ್ತಾರೆ. ಒಳಗೆ ವರ್ಷವಿಡೀ 52 ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಬೇಕೇ ಬೇಕು. 1962ರಿಂದ ನೆಲದಡಿಯ ಕಲ್ಲಿದ್ದಲು ಗಣಿ ಉರಿಯುತ್ತಿರುವ ಸೆಂಟ್ರೇಲಿಯಾ ಊರು ದಾರಿಯಲ್ಲೇ ಸಿಗುತ್ತದೆ. ಮಕ್ಕಳೊಂದಿಗೆ ಅಲ್ಲಿ ಇಳಿದು ಓಡಾಡುವುದು ಬೇಡ. ನೋಡಲು ಏನೂ ಉಳಿದಿಲ್ಲ, ನೆಲ ಕುಸಿಯುವ, ವಿಷಾನಿಲ ಬರುವ ಭಯ ಮಾತ್ರ ಇದೆ.

ಹೊರಡುವ ದಿನ ಕ್ಯಾಬಿನ್ ಖಾಲಿ ಮಾಡಿದ ಮೇಲೂ ಕಾರನ್ನು ಪಾರ್ಕಿನ ಉಚಿತ ನಿಲ್ದಾಣಕ್ಕೆ ಒಯ್ದು ಇನ್ನೊಂದು ಸುತ್ತು ಹೋಗಿಬರಬಹುದು. ಬೇಸಿಗೆಯ ಕೊನೆಯಿಂದ ಮುಂದಿನ ತಿಂಗಳುಗಳಲ್ಲಾದರೆ ಕಾರಿನ ಚಕ್ರದ ಸಂದು, ಬಂಪರ್, ಕೂಲರಿನ ತಳದಲ್ಲಿ ಒಣ ಕೆಸರಿನಂತೆ ಮೆತ್ತಿಕೊಂಡ ಲ್ಯಾಂಟರ್ನ್‌ಫ್ಲೈ ಮೊಟ್ಟೆಗಳಿವೆಯೇ ನೋಡಿ, ಇದ್ದರೆ ಕೆರೆದು ನಾಶಮಾಡಿ. ಟಿಕೆಟ್ ಉಳಿದಿದ್ದರೆ ಖಾಲಿ ಮಾಡಲೆಂದೇ ಮಕ್ಕಳನ್ನು ರೈಡಿಗೆ ತಳ್ಳಬೇಡಿ. ಅವುಗಳಿಗೆ ಅವಧಿ ಮುಗಿಯುವ ದಿನ ಇಲ್ಲ, ಮುಂದಿನ ಸಲಕ್ಕೂ ನಡೆಯುತ್ತವೆ.